ಚೆಕ್ ಇಂಜಿನ್ ಲೈಟ್ ಹೊತ್ತಿದೆ, ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಬೇಕು ಅಂತಿದ್ದಾರೆ. ನಿಜವಾಗ್ಲೂ ಬೇಕಾ?

ಸಾಗರದ ಮೇಡಂ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 1.2 ಲೀಟರ್, ನಾಲ್ಕು ಸಿಲಿಂಡರ್, ಬಿಎಸ್4 ಗಾಡಿ. 68 ಸಾವಿರ ಕಿಲೋಮೀಟರ್ ಓಡಿದೆ. ಮನೆ ಸಾಗರದಲ್ಲಿ, ಕೆಲಸ ಶಿವಮೊಗ್ಗದಲ್ಲಿ. ಕೆಲವು ದಿನ ಬಸ್ಸು, ಕೆಲವು ದಿನ ಕಾರು.

ಆಶ್ಲೇಷ ಮಳೆ ಜೋರಾಗಿ ಹಿಡಿದಿದ್ದಾಗ ಒಂದು ಬೆಳಿಗ್ಗೆ ಆನಂದಪುರ ದಾಟಿದ ಮೇಲೆ ಮೀಟರಿನಲ್ಲಿ ಹಳದಿ ಇಂಜಿನ್ ಚಿತ್ರ ಹೊತ್ತಿಕೊಂಡಿತು. ಗಾಡಿ ಓಡುತ್ತಿತ್ತು, ಆದರೆ ಪಿಕಪ್ ಇರಲಿಲ್ಲ. ನಿಲ್ಲಿಸಿದಾಗ ಸ್ಟೀರಿಂಗ್ ನಡುಗುತ್ತಿತ್ತು. ಕುಂಸಿ ಹತ್ತಿರ ಒಂದು ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆ ಲೈಟು ಪಕಪಕ ಅಂತ ಮಿನುಗಿತು. ಏರು ಮುಗಿದ ಮೇಲೆ ಮಿನುಗುವುದು ನಿಂತು ಸುಮ್ನೆ ಹೊತ್ತಿಕೊಂಡೇ ಇತ್ತು.

ಊರಿನ ಮೆಕ್ಯಾನಿಕ್ ಬ್ಯಾಟರಿ ಟರ್ಮಿನಲ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದರು. ಲೈಟು ಹೋಯಿತು. ಗಡಿಯಾರದ ಟೈಮೂ ಹೋಯಿತು, ರೇಡಿಯೋ ಸ್ಟೇಷನ್‌ಗಳೂ ಹೋದವು. ಆಮೇಲೆ ವಾಪಸ್ ಬಂದದ್ದು ಲೈಟು ಮಾತ್ರ.

ಹಾಗಾಗಿ ದೊಡ್ಡ ಸರ್ವಿಸ್ ಸೆಂಟರಿಗೆ ತೋರಿಸಿದೆ. ಸ್ಕ್ಯಾನ್ ಮಾಡಿ ಒಂದು ಚೀಟಿ ಕೊಟ್ಟರು. ಅದರಲ್ಲಿ ಎರಡು ಕೋಡ್ ಇವೆ: ಪಿ 0302 ಮತ್ತು ಪಿ 0420. "ಕ್ಯಾಟ್ ಹೋಗಿದೆ ಮೇಡಂ, ಪೂರ್ತಿ ಅಸೆಂಬ್ಲಿ ಬದಲಿಸಬೇಕು" ಅಂದರು. ಕ್ಯಾಟ್ ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಸೈಲೆನ್ಸರ್ ಪೈಪಿನಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಭಾಗವಂತೆ. ಎಸ್ಟಿಮೇಟ್ ಐವತ್ತು ಸಾವಿರದ ಹತ್ತಿರ ಇದೆ. ಹಾಗಾದರೆ ಮೊದಲನೇ ಕೋಡ್ ಏನು ಅಂತ ಕೇಳಿದೆ. "ಕ್ಯಾಟ್ ಬ್ಲಾಕ್ ಆಗಿದೆ, ಅದಕ್ಕೇ ಅದೂ ಬರುತ್ತದೆ, ಎರಡೂ ಒಂದೇ" ಅಂದರು. ನನಗೆ ಯಾಕೋ ಸಮಾಧಾನ ಆಗಲಿಲ್ಲ. ಸಹಿ ಹಾಕದೆ ಗಾಡಿ ತಂದಿದ್ದೇನೆ.

ಯೂಟ್ಯೂಬಿನಲ್ಲಿ ನೋಡಿದ ವಿಡಿಯೋಗಳಲ್ಲೆಲ್ಲ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ ಅಂತಿದ್ದಾರೆ. ಅದನ್ನೂ ಮಾಡಿದೆ, ಏನೂ ಆಗಲಿಲ್ಲ.

ಮಗಳನ್ನು ಹಾಸ್ಟೆಲಿಗೆ ಬಿಡಲು ಬೆಂಗಳೂರಿಗೆ ಹೋಗಬೇಕು. ಸಾಮಾನು ಜಾಸ್ತಿ ಇದೆ, ಬಸ್ಸಿನಲ್ಲಿ ಆಗುವುದಿಲ್ಲ. ಲೈಟ್ ಹೊತ್ತಿದ್ದರೂ ನಿಧಾನಕ್ಕೆ ಓಡಿಸಿಕೊಂಡು ಹೋಗಬಹುದಾ? ಕ್ಯಾಟ್ ನಿಜವಾಗ್ಲೂ ಹೋಗಿದೆ ಅಂತ ಗೊತ್ತು ಮಾಡಿಕೊಳ್ಳುವ ದಾರಿ ಏನಾದರೂ ಇದೆಯಾ?

ಬಸವನಗುಡಿ ಬೈಕರ್

ಇದೆಲ್ಲ ಇ20 ಪೆಟ್ರೋಲಿನ (20 ಪರ್ಸೆಂಟ್ ಎಥೆನಾಲ್ ಬೆರೆಸಿದ್ದು) ಕಾಟ ಮೇಡಂ. 2023ಕ್ಕಿಂತ ಹಿಂದಿನ ಗಾಡಿಗಳಿಗೆ ಆ ಪೆಟ್ರೋಲ್ ಆಗಿ ಬರುವುದಿಲ್ಲ. ನಮ್ಮ ಭಾವನ ಕಾರಿಗೂ ಲೈಟ್ ಬಂದಿತ್ತು. ಒಳ್ಳೆ ಪ್ರೀಮಿಯಂ ಪೆಟ್ರೋಲ್ ಫುಲ್ ಟ್ಯಾಂಕ್ ಹಾಕಿಸಿ, ಯಾವುದಾದರೂ ಫ್ಯುಯೆಲ್ ಸಿಸ್ಟಮ್ ಕ್ಲೀನರ್ ಒಂದು ಬಾಟಲ್ ಸುರಿಯಿರಿ. ಹೋಗುತ್ತದೆ.

ಶಿವಮೊಗ್ಗ ಎಲೆಕ್ಟ್ರಿಷಿಯನ್

ಮೇಡಂ, ನಾನು ಶಿವಮೊಗ್ಗದಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಡೈನಮೋ, ಸೆಲ್ಫ್ ಮೋಟಾರ್ ಬಿಚ್ಚುತ್ತಿದ್ದ ಕಾಲದಿಂದ ಇದೇ ಕೆಲಸ. ಆ ಐವತ್ತು ಸಾವಿರಕ್ಕೆ ಈಗಲೇ ಸಹಿ ಹಾಕಬೇಡಿ. ಹಾಗೇ, ಲೈಟ್ ಮಿನುಗಿದ ಗಾಡಿಯನ್ನು ಸರಿ ಮಾಡಿಸುವ ತನಕ ಓಡಿಸಲೂ ಬೇಡಿ. ಎರಡಕ್ಕೂ ಕಾರಣ ಒಂದೇ, ಹೇಳ್ತೀನಿ.

ಹಳದಿ ಲೈಟು ಸುಮ್ನೆ ಹೊತ್ತಿಕೊಂಡಿದ್ದು, ಗಾಡಿ ಎಂದಿನಂತೆ ಓಡುತ್ತಿದ್ದರೆ ಅಂಥ ಗಾಬರಿ ಏನಿಲ್ಲ. ನಿಧಾನಕ್ಕೆ ಗ್ಯಾರೇಜಿಗೆ ಹೋಗಬಹುದು. ಮಿನುಗಿದರೆ ಮಾತು ಬೇರೆ. ಯಾವುದೋ ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದೆ, ಸುಡದ ಪೆಟ್ರೋಲ್ ಹಾಗೇ ಸೈಲೆನ್ಸರ್ ಕಡೆಗೆ ಹೋಗುತ್ತಿದೆ ಅಂತ ಲೆಕ್ಕ. ಆ ಪೆಟ್ರೋಲ್ ಕ್ಯಾಟ್ ಒಳಗೆ ಹೋಗಿ ಅಲ್ಲಿ ಸುಡುತ್ತದೆ. ಕ್ಯಾಟ್ ಅಂದರೆ ಜೇನುಗೂಡಿನ ಥರ ಸಣ್ಣ ಸಣ್ಣ ತೂತು ಇರುವ ಪಿಂಗಾಣಿ ಇಟ್ಟಿಗೆ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುತ್ತದೆ. ರೇಟು ಜಾಸ್ತಿ ಇರುವುದೂ ಅದಕ್ಕೇ. ಒಳಗಿನ ಶಾಖ ಸಾವಿರ ಡಿಗ್ರಿ ದಾಟಿತು ಅಂದರೆ ಲೇಪ ಸಾಯುತ್ತದೆ. ಇನ್ನೂ ಏರಿದರೆ ಇಟ್ಟಿಗೆಯೇ ಕರಗಿ ಮುದ್ದೆಯಾಗುತ್ತದೆ. ಅಂದರೆ, ಈಗ ಹಾಳಾಗಿಲ್ಲದ ಕ್ಯಾಟ್ ಬೆಂಗಳೂರು ಮುಟ್ಟುವಷ್ಟರಲ್ಲಿ ಹಾಳಾಗಬಹುದು. ಅಂಥ ಗಾಡಿಯನ್ನು ಒಣ ತರಗೆಲೆ, ಒಣ ಹುಲ್ಲಿನ ಮೇಲೆ ನಿಲ್ಲಿಸುವುದೂ ಅಪಾಯ. ಮಳೆಗಾಲದಲ್ಲಿ ಆ ಯೋಚನೆ ಇಲ್ಲ, ಬೇಸಿಗೆಗೆ ನೆನಪಿರಲಿ.

ಈಗ ನಿಮ್ಮ ಚೀಟಿ ನೋಡೋಣ. ಪಿ 0302. ಪಿ 0300 ಅಂದರೆ ಎಲ್ಲೆಲ್ಲೋ ಮಿಸ್ಸಿಂಗ್. ಕೊನೆಯ ಅಂಕಿ 1, 2, 3, 4 ಇದ್ದರೆ ಅದು ಸಿಲಿಂಡರ್ ನಂಬರ್. ನಿಮ್ಮದು ಎರಡನೇ ಸಿಲಿಂಡರ್. ಗಾಡಿಗೆ ಅದು ಗೊತ್ತಾಗುವುದು ಹೇಗೆ ಅಂದರೆ, ಕ್ರ್ಯಾಂಕ್ ಸೆನ್ಸರ್ ಇಂಜಿನ್ ತಿರುಗುವ ವೇಗವನ್ನು ಕ್ಷಣಕ್ಷಣಕ್ಕೂ ಅಳೆಯುತ್ತಿರುತ್ತದೆ. ಪಲ್ಲಕ್ಕಿ ಹೊರುವ ನಾಲ್ವರಲ್ಲಿ ಒಬ್ಬ ಹೆಗಲು ತಪ್ಪಿಸಿದರೆ ಆ ಮೂಲೆ ಕುಸಿಯುತ್ತದಲ್ಲ, ಹಾಗೆ ಎರಡನೇ ಸಿಲಿಂಡರಿನ ಸರದಿ ಬಂದಾಗಲೆಲ್ಲ ವೇಗ ಒಂಚೂರು ಕುಸಿಯುತ್ತದೆ. ನಿಮ್ಮ ಕೈಗೆ ಸ್ಟೀರಿಂಗ್ ನಡುಗಿದ್ದೂ ಅದೇ.

ಕ್ಯಾಟ್ ಬ್ಲಾಕ್ ಆಗಿ ಮಿಸ್ಸಿಂಗ್ ಬಂತು ಅಂದರಲ್ಲ, ಅವರನ್ನು ಒಂದು ಪ್ರಶ್ನೆ ಕೇಳಿ. ಸೈಲೆನ್ಸರ್ ಕಟ್ಟಿಕೊಂಡರೆ ನಾಲ್ಕೂ ಸಿಲಿಂಡರಿಗೆ ಉಸಿರು ಕಟ್ಟಬೇಕು. ಎರಡನೆಯದಕ್ಕೆ ಮಾತ್ರ ಹೇಗೆ ಕಟ್ಟಿತು?

ಪಿ 0420 ಅಂದರೆ ಕ್ಯಾಟ್ ಮಾಡಬೇಕಾದಷ್ಟು ಕೆಲಸ ಮಾಡುತ್ತಿಲ್ಲ ಅಂತ ಇಸಿಯುಗೆ, ಅಂದರೆ ಇಂಜಿನ್ ನೋಡಿಕೊಳ್ಳುವ ಕಂಪ್ಯೂಟರಿಗೆ, ಕಂಡಿದೆ, ಅಷ್ಟೇ. ಕ್ಯಾಟ್ ಬದಲಿಸು ಅಂತ ಅರ್ಥ ಅಲ್ಲ. ಇಸಿಯು ಕ್ಯಾಟ್ ಒಳಗೆ ಇಣುಕಿ ನೋಡಿರುವುದಿಲ್ಲ. ಕ್ಯಾಟ್ ಮುಂದೆ ಒಂದು, ಹಿಂದೆ ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಎರಡನ್ನೂ ಹೋಲಿಸಿ ಹೇಳುತ್ತದೆ. ನಡುವೆ ಪೈಪಿನ ಜಾಯಿಂಟ್ ಲೀಕ್ ಇದ್ದರೆ, ಹಿಂದಿನ ಸೆನ್ಸರ್ ಮುದಿಯಾಗಿದ್ದರೆ, ಸೆನ್ಸರ್ ವೈರನ್ನು ಇಲಿ ಕಡಿದಿದ್ದರೆ ಹೋಲಿಕೆ ಕೆಡಬಹುದು. ಸುಡದ ಪೆಟ್ರೋಲ್ ಬಂದು ಸುರಿಯುತ್ತಿದ್ದರಂತೂ ಅದನ್ನು ನಂಬುವ ಹಾಗೇ ಇಲ್ಲ. ಹಾಗಾಗಿ ಮೊದಲು 0302, ಆಮೇಲೆ 0420.

ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ ಕಾಯಿಲ್ ಅದಲುಬದಲು ಮಾಡಿ ನೋಡಿ. ದುಡ್ಡು ಖರ್ಚಿಲ್ಲದ ಪರೀಕ್ಷೆ. ನಿಮ್ಮ ಗಾಡಿಯಲ್ಲಿ ಪ್ರತಿ ಪ್ಲಗ್ಗಿನ ತಲೆ ಮೇಲೆ ಒಂದೊಂದು ಕಾಯಿಲ್ ಕೂತಿರುತ್ತದೆ ಅಂದುಕೊಳ್ಳುತ್ತೇನೆ. ಇಂಜಿನ್ ಪೂರ್ತಿ ತಣ್ಣಗಿರಬೇಕು, ಕೀ ಆಫ್ ಇರಬೇಕು. ಹೆಚ್ಚಿನ ಗಾಡಿಗಳಲ್ಲಿ ಫ್ಯಾನ್ ಬೆಲ್ಟ್ ಇರುವ ಕಡೆಯಿಂದ ಒಂದು, ಎರಡು ಅಂತ ಎಣಿಕೆ. ಎರಡನೇ ಕಾಯಿಲಿನ ಕನೆಕ್ಟರ್ ಕ್ಲಿಪ್ ಒತ್ತಿ ತೆಗೆಯಿರಿ. ವೈರ್ ಹಿಡಿದು ಎಳೆಯಬೇಡಿ, ಹಳೇ ಪ್ಲಾಸ್ಟಿಕ್ ಪಟ್ ಅಂತ ಮುರಿಯುತ್ತದೆ. ಸಾಮಾನ್ಯವಾಗಿ ಹತ್ತು ಎಂಎಂ ಬೋಲ್ಟ್ ಒಂದಿರುತ್ತದೆ. ಬಿಚ್ಚಿ, ಕಾಯಿಲನ್ನು ಸ್ವಲ್ಪ ಆಚೀಚೆ ತಿರುಗಿಸಿ ಮೇಲಕ್ಕೆ ಎತ್ತಿ. ನಾಲ್ಕನೆಯದನ್ನೂ ಹಾಗೇ ತೆಗೆದು ಎರಡನ್ನೂ ಅದಲುಬದಲು ಮಾಡಿ. ಕೋಡ್ ಅಳಿಸಿ, ಗಾಡಿ ನಿಂತಲ್ಲೇ ಸ್ವಲ್ಪ ಹೊತ್ತು ಇಂಜಿನ್ ಮಾತ್ರ ಓಡಿಸಿ. ಈಗ 0304 ಬಂದರೆ ಕಾಯಿಲ್ಲೇ ಕಳ್ಳ. 0302ನೇ ಮತ್ತೆ ಬಂದರೆ ಕಾಯಿಲ್ ಸರಿ ಇದೆ, ಪ್ಲಗ್ಗುಗಳನ್ನು ಹೀಗೇ ಅದಲುಬದಲು ಮಾಡಿ. ಅದೂ ಅಲ್ಲ ಅಂದರೆ ಇಂಜೆಕ್ಟರ್, ಆಮೇಲೆ ಕಂಪ್ರೆಷನ್. ಅಲ್ಲಿಗೆ ಹೋಗುವ ಹೊತ್ತಿಗೆ ಗ್ಯಾರೇಜಿನವರೇ ಬೇಕು.

ಕಾಯಿಲ್ ಎತ್ತಿದಾಗ ಎರಡು ಕಡೆ ಕಣ್ಣಿಡಿ. ಕಾಯಿಲಿನ ಉದ್ದನೆಯ ರಬ್ಬರ್ ಕಾಲಿನ ಒಳಗೆ ಹೊರಗೆ ಕೂದಲಿನಂಥ ಗೆರೆ ಇದೆಯಾ ನೋಡಿ. ಕರೆಂಟು ಪ್ಲಗ್ಗಿಗೆ ಹೋಗದೆ ಪಕ್ಕದ ಲೋಹಕ್ಕೆ ಹಾರಿದ ಗುರುತು ಅದು. ಇನ್ನೊಂದು, ಪ್ಲಗ್ ಕೂರುವ ಗುಂಡಿಗೆ ಟಾರ್ಚ್ ಬಿಡಿ. ನೀರು ಇದೆಯಾ, ಆಯಿಲ್ ಇದೆಯಾ? ಆಯಿಲ್ ಇದ್ದರೆ ಮೇಲಿನ ಕವರ್ ಗ್ಯಾಸ್ಕೆಟ್ ಹೋಗಿದೆ. ನಮ್ಮ ಕಡೆ ಮಳೆಗಾಲದಲ್ಲಿ ನೀರು ಸಿಗುವುದೇ ಜಾಸ್ತಿ, ಅದರಲ್ಲೂ ವಾಷಿಂಗಿಗೆ ಬಿಟ್ಟಾಗ ಪ್ರೆಷರ್ ಪಂಪ್ ತಗೊಂಡು ಬಾನೆಟ್ ಒಳಗೂ ಹೊಡೆಯುವ ಪುಣ್ಯಾತ್ಮರು ಇದ್ದರೆ.

ಬಸವನಗುಡಿ ಅವರಿಗೆ: ಇ20ಗೆ ನಾನು ವಕೀಲ ಅಲ್ಲ. ಮೈಲೇಜ್ ಇಳಿಯುತ್ತದೆ, ಹಳೇ ಗಾಡಿಗಳ ರಬ್ಬರ್ ಪೈಪಿಗೂ ಒಳ್ಳೆಯದಲ್ಲ, ಒಪ್ಪುತ್ತೇನೆ. ಆದರೆ ಒಂದು ಕಿಲೋ ಬರೀ ಪೆಟ್ರೋಲ್ ಪೂರ್ತಿ ಸುಡಲು 14.7 ಕಿಲೋ ಗಾಳಿ ಬೇಕು. ಇ10ಕ್ಕೆ 14.1ರ ಹತ್ತಿರ, ಇ20ಗೆ 13.5ರ ಹತ್ತಿರ. ಇ10ರಿಂದ ಇ20ಗೆ ಬಂದಾಗ ಇಸಿಯು ನಾಲ್ಕು ಪರ್ಸೆಂಟಿನಷ್ಟು ಜಾಸ್ತಿ ಪೆಟ್ರೋಲ್ ಬಿಡಬೇಕಾಗುತ್ತದೆ. ಅಷ್ಟನ್ನು ಅದು ತಾನೇ ಸರಿ ಮಾಡಿಕೊಳ್ಳುತ್ತದೆ. ಎಲ್ಲೋ ಗಾಳಿ ಪೈಪ್ ಸೀಳಿ ಇಸಿಯು ಆಗಲೇ ಏದುಸಿರು ಬಿಡುತ್ತಿದ್ದರೆ, ಈ ನಾಲ್ಕು ಸೇರಿ ಪಿ 0171 ಬರಬಹುದು, ಲೀನ್ ಕೋಡ್, ಅಂದರೆ ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ. ಮೇಡಂ ಚೀಟಿಯಲ್ಲಿ ಅದಿಲ್ಲ. ಟ್ಯಾಂಕಿನಲ್ಲಿರುವ ಪೆಟ್ರೋಲ್ ನಾಲ್ಕೂ ಸಿಲಿಂಡರಿಗೆ ಹೋಗುತ್ತದೆ ಸ್ವಾಮಿ, ಎರಡನೆಯದಕ್ಕೆ ಮಾತ್ರ ಯಾಕೆ ಹಗೆ?

ಬ್ಯಾಟರಿ ಟರ್ಮಿನಲ್ ತೆಗೆದವರ ಬಗ್ಗೆಯೂ ಒಂದು ಮಾತು. ಲೈಟ್ ಹೊತ್ತಿದ ಕ್ಷಣ ಇಸಿಯು ಒಂದು ಫೋಟೋ ಹಿಡಿದಿಟ್ಟಂತೆ ಎಲ್ಲ ಬರೆದಿಡುತ್ತದೆ. ಆಗ ಆರ್‌ಪಿಎಂ ಎಷ್ಟು, ಸ್ಪೀಡ್ ಎಷ್ಟು, ಕೂಲೆಂಟ್ ಎಷ್ಟು ಬಿಸಿ, ಇಂಜಿನ್ ಮೇಲೆ ಲೋಡ್ ಎಷ್ಟು. ಫ್ರೀಜ್ ಫ್ರೇಮ್ ಅಂತಾರೆ. ನನ್ನಂಥವರಿಗೆ ಅದು ಅರ್ಧ ಉತ್ತರ. ಟರ್ಮಿನಲ್ ತೆಗೆದರೆ ಹೆಚ್ಚಿನ ಗಾಡಿಗಳಲ್ಲಿ ಅದೂ ಅಳಿಸಿಹೋಗುತ್ತದೆ. ಕಾಯಿಲೆ ಮಾತ್ರ ಹಾಗೇ ಇರುತ್ತದೆ.

ನ್ಯೂಜೆರ್ಸಿ ಕನ್ನಡಿಗ

ಮುಚ್ಚಳ ಬಿಗಿ ಮಾಡುವ ಸಲಹೆ ಎಲ್ಲಿಂದ ಬಂತು ಅಂತ ನಾನು ಹೇಳುತ್ತೇನೆ. ಅದು ಅಮೆರಿಕದ ವಿಡಿಯೋ. ಇಲ್ಲಿನ ಕಾರುಗಳು ಟ್ಯಾಂಕಿನಿಂದ ಪೆಟ್ರೋಲ್ ಆವಿ ಸೋರುತ್ತಿದೆಯಾ ಅಂತಲೂ ಪರೀಕ್ಷೆ ಮಾಡಿಕೊಳ್ಳುತ್ತವೆ. ಮುಚ್ಚಳ ಸಡಿಲ ಇದ್ದರೂ ಪಿ 0455, ಪಿ 0457 ಅಂತ ಕೋಡ್ ಬಂದು ಲೈಟ್ ಹೊತ್ತುತ್ತದೆ. ಭಾರತದ ನಿಯಮ ಯುರೋಪಿನ ದಾರಿಯದ್ದು. ಅಲ್ಲಿನ ಹೆಚ್ಚಿನ ಗಾಡಿಗಳಲ್ಲಿ ಆವಿ ಸೋರಿಕೆಯ ಪರೀಕ್ಷೆಯೇ ಇರುವುದಿಲ್ಲ. ನಾನು ಊರಿಗೆ ಬಂದಾಗ, ಅಪ್ಪ ತಮ್ಮ ಕಾರಿನ ಮುಚ್ಚಳವನ್ನು ಬಂಕಿನಲ್ಲೇ ಬಿಟ್ಟು ಬಂದಿದ್ದರು. ತೂತಿಗೆ ಬಟ್ಟೆ ತುರುಕಿ ಓಡಿಸುತ್ತಿದ್ದರು. ಲೈಟ್ ಬರಲೇ ಇಲ್ಲ!

ನಮ್ಮಲ್ಲಿ ಈ ಲೈಟ್ ಹೊತ್ತಿದ್ದರೆ ಸರ್ಕಾರಿ ಇನ್‌ಸ್ಪೆಕ್ಷನ್ ಫೇಲ್. ಅವರು ಡ್ಯಾಶ್‌ಬೋರ್ಡಿನ ಕೆಳಗಿರುವ ಪೋರ್ಟಿಗೇ ವೈರ್ ಹಾಕಿ ನೋಡುತ್ತಾರೆ. ಬರುವ ದಾರಿಯಲ್ಲಿ ಕೋಡ್ ಅಳಿಸಿಕೊಂಡು ಬಂದರೂ ಸಿಕ್ಕಿಬೀಳುತ್ತೀರಿ. ಇಸಿಯುನ ಸ್ವಯಂ ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಅಂತ ತೋರಿಸುತ್ತದೆ. ಊರಲ್ಲಿ ಎಮಿಷನ್ ಟೆಸ್ಟ್ ಅಂದರೆ ಸೈಲೆನ್ಸರಿಗೆ ಒಂದು ಕಡ್ಡಿ ತುರುಕಿ ಹೊಗೆ ನೋಡುತ್ತಾರೆ, ಲೈಟ್ ಯಾರೂ ಕೇಳುವುದಿಲ್ಲ. ಅದಕ್ಕೇ ಅಲ್ವಾ ಜನ ವರ್ಷಗಟ್ಟಲೆ ಲೈಟ್ ಹಾಕಿಕೊಂಡೇ ಓಡಿಸುವುದು.

ಆ ಪೋರ್ಟಿಗೆ ಸಿಕ್ಕಿಸಿ ಮೊಬೈಲಿನ ಆ್ಯಪಿನಲ್ಲಿ ಕೋಡ್ ನೋಡುವ ಬ್ಲೂಟೂತ್ ಡಾಂಗಲ್ ಒಂದು ತಗೊಳ್ಳಿ ಮೇಡಂ. ಇಎಲ್ಎಂ327 ಅಂತ ಹುಡುಕಿದರೆ ಸಿಗುತ್ತದೆ. ಐಫೋನ್ ಇದ್ದರೆ ಮಾಮೂಲಿ ಬ್ಲೂಟೂತಿನದು ಕೆಲಸ ಮಾಡುವುದಿಲ್ಲ. ವೈಫೈ ಇರುವುದು ಅಥವಾ ಬಿಎಲ್ಇ ಅಂತ ಬರೆದಿರುವುದು ಬೇಕು.

ಸಾಗರದ ಮೇಡಂ

ಎಲ್ಲರಿಗೂ ಥ್ಯಾಂಕ್ಸ್. ಪಕ್ಕದ ಮನೆ ಹುಡುಗ ಅಡಿಕೆ ತೋಟದ ಪಂಪ್‌ಸೆಟ್ ಮೋಟಾರ್ ಬಿಚ್ಚಿ ಕಟ್ಟುವವನು. ಅವನ ಹತ್ತಿರ ಡಾಂಗಲ್ಲೂ ಇತ್ತು, ಸ್ಪ್ಯಾನರ್ರೂ ಇತ್ತು. ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆಯಲೇ ಇಲ್ಲ, ಒಳಗೇ ಮಾಡಿದೆವು.

ಪೋರ್ಟ್ ಹುಡುಕುವುದಕ್ಕೇ ಸ್ವಲ್ಪ ಹೊತ್ತು ಹೋಯಿತು. ಸ್ಟೀರಿಂಗ್ ಕೆಳಗೆ, ಬಾನೆಟ್ ಎಳೆಯುವ ಹಿಡಿಕೆಯ ಹತ್ತಿರ ಇತ್ತು. ಕಾಣುವುದಿಲ್ಲ, ಕೈ ಹಾಕಿ ತಡವಬೇಕು. ಹದಿನಾರು ತೂತಿನ ಸಾಕೆಟ್.

ಎರಡನೇ ಕಾಯಿಲ್ ಎತ್ತಿದಾಗ ರಬ್ಬರ್ ಕಾಲಿನ ತುದಿಯಿಂದ ನೀರು ತೊಟ್ಟಿಕ್ಕಿತು! ಗುಂಡಿಯ ತಳದಲ್ಲಿ ತುಕ್ಕು ಬಣ್ಣದ ನೀರು ಕಟ್ಟಿಕೊಂಡಿತ್ತು. ರಬ್ಬರ್ ಮೇಲೆ ನೀವು ಹೇಳಿದ ಗೆರೆ ಇತ್ತು, ಬೂದಿ ಬಣ್ಣದ್ದು. ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೂ ಅದಕ್ಕೆ ಜೋಡಿಯಾಗಿ ಒಂದು ಗೆರೆ. ಒಂದನೆಯದು, ಮೂರನೆಯದು, ನಾಲ್ಕನೆಯದು ಒಣಗಿದ್ದವು. ಎರಡನೆಯದರ ಮೇಲೇ ಯಾಕೆ ಅಂತ ನೋಡಿದರೆ, ಗುಂಡಿಯ ಬಾಯಿ ಮುಚ್ಚುವ ರಬ್ಬರ್ ಬಳೆ ಗಟ್ಟಿಯಾಗಿ ಒಂದು ಕಡೆ ಸೀಳಿತ್ತು. ಮಳೆ ಶುರುವಾಗುವ ಮುಂಚೆ ವಾಷಿಂಗಿಗೆ ಕೊಟ್ಟಿದ್ದೆವು, ಬಾನೆಟ್ ಒಳಗೂ ಹೊಡೆದಿದ್ದರು. ನೀವು ಹೇಳಿದ ಪುಣ್ಯಾತ್ಮರು ಸಾಗರದಲ್ಲೂ ಇದ್ದಾರೆ.

ಹುಡುಗ ಬಟ್ಟೆ ಸುತ್ತಿದ ಕಡ್ಡಿಯಿಂದ ನೀರು ಹೀರಿಸಿದ. ಪಂಪಿನಿಂದ ಗಾಳಿ ಹೊಡೆದು ಒಣಗಿಸಿದ ಮೇಲೆ, ಎರಡು ಮತ್ತು ನಾಲ್ಕರ ಕಾಯಿಲ್ ಅದಲುಬದಲು ಮಾಡಿ ಸ್ಟಾರ್ಟ್ ಮಾಡಿದೆವು. ನಡುಕ ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಮೊಬೈಲಿನಲ್ಲಿ ಪಿ 0304 ಬಂತು. ಅದನ್ನು ನೋಡಿ ಖುಷಿಪಟ್ಟವರು ಈ ಊರಲ್ಲಿ ನಾವಿಬ್ಬರೇ ಇರಬೇಕು. ತಕ್ಷಣ ಇಂಜಿನ್ ಆಫ್ ಮಾಡಿದೆವು.

ಹೊಸ ಕಾಯಿಲ್ ಒಂದು, ಪ್ಲಗ್ ನಾಲ್ಕೂ, ರಬ್ಬರ್ ಬಳೆಗಳು. ಎಲ್ಲ ಸೇರಿ ಐದು ಸಾವಿರದ ಒಳಗೆ ಮುಗಿಯಿತು. ನಡುಕ ನಿಂತಿದೆ, ಪಿಕಪ್ ವಾಪಸ್ ಬಂದಿದೆ. ಕೋಡ್ ಎರಡನ್ನೂ ಅಳಿಸಿದ್ದೇವೆ. ಈಗ ಆ 0420 ಕಥೆ ಏನು? ಸುಮ್ನೆ ಕಾಯಬೇಕಾ, ಏನಾದರೂ ನೋಡಬಹುದಾ?

ವೈಟ್‌ಫೀಲ್ಡ್ ಡೀಸೆಲ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು 2021ರ ಬಿಎಸ್6 ಡೀಸೆಲ್ ಎಸ್‌ಯುವಿ. ಮನೆಯಿಂದ ಆಫೀಸ್ ಆರು ಕಿಲೋಮೀಟರ್, ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ. ಮೊದಲು ಡಿಪಿಎಫ್ ಲೈಟ್ ಬರುತ್ತಿತ್ತು, ಈಗ ಜೊತೆಗೆ ಇಂಜಿನ್ ಲೈಟೂ ಬಂದಿದೆ. ಗಾಡಿ ಎಳೆಯುತ್ತಲೇ ಇಲ್ಲ. ಕೋಡ್ ಪಿ 2463. ನನಗೂ ಕಾಯಿಲ್ ನೋಡಬೇಕಾ?

ಶಿವಮೊಗ್ಗ ಎಲೆಕ್ಟ್ರಿಷಿಯನ್

ವೈಟ್‌ಫೀಲ್ಡ್ ಅವರೇ, ಡೀಸೆಲ್ ಗಾಡಿಗೆ ಪ್ಲಗ್ ಕಾಯಿಲ್ ಎಲ್ಲಿಂದ ಬರಬೇಕು! ನಿಮ್ಮದು ಬೇರೆ ರೋಗ. ಡಿಪಿಎಫ್ ಅಂದರೆ ಮಸಿ ಹಿಡಿಯುವ ಜರಡಿ. ಅದು ತುಂಬಿದಾಗ ಗಾಡಿ ತಾನೇ ಒಳಗಿನ ಶಾಖವನ್ನು ಆರುನೂರು ಡಿಗ್ರಿ ಹತ್ತಿರ ಏರಿಸಿ ಮಸಿ ಸುಟ್ಟುಕೊಳ್ಳಬೇಕು. ಅದಕ್ಕೆ ಒಂದೇ ಸಮ ಓಟ ಬೇಕು. ಆರು ಕಿಲೋಮೀಟರ್ ಟ್ರಾಫಿಕ್ಕಿನಲ್ಲಿ ಆ ಬಿಸಿ ಏರುವ ಮೊದಲೇ ನೀವು ಆಫೀಸಿನಲ್ಲಿ ಕೀ ತೆಗೆಯುತ್ತೀರಿ. ಬರೀ ಡಿಪಿಎಫ್ ಲೈಟ್ ಇದ್ದಾಗಲೇ ನೈಸ್ ರೋಡಿಗೋ ತುಮಕೂರು ಹೈವೇಗೋ ಹೋಗಿ, ಅರವತ್ತರಿಂದ ಎಂಬತ್ತರ ಸ್ಪೀಡಿನಲ್ಲಿ ಒಂದು ಗೇರ್ ಕಡಿಮೆ ಇಟ್ಟು ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿದ್ದರೆ ಹೋಗುತ್ತಿತ್ತು. ಈಗ ಇಂಜಿನ್ ಲೈಟೂ ಬಂದು ಶಕ್ತಿ ಕಟ್ ಆಗಿದೆ ಅಂದರೆ ಆ ಹಂತ ದಾಟಿದೆ. ಸ್ಕ್ಯಾನರ್ ಹಾಕಿ ಫೋರ್ಸ್ಡ್ ರೀಜನರೇಷನ್, ಅಂದರೆ ಬಲವಂತವಾಗಿ ಮಸಿ ಸುಡಿಸುವುದನ್ನು, ಮಾಡಿಸಬೇಕು. ಹೋಗುವ ಮೊದಲು ಆಯಿಲ್ ಕಡ್ಡಿ ಎಳೆದು ನೋಡಿ. ಅರ್ಧಕ್ಕೆ ನಿಂತ ರೀಜನರೇಷನ್‌ಗಳಿಂದ ಡೀಸೆಲ್ ಇಳಿದು ಆಯಿಲಿಗೆ ಸೇರುತ್ತದೆ. ಮಟ್ಟ ಗೆರೆಗಿಂತ ಮೇಲೆ ಬಂದಿದ್ದರೆ ಮೊದಲು ಆಯಿಲ್ ಬದಲಿಸಿ, ಆಮೇಲೆ ಉಳಿದ ಮಾತು. ಡಿಪಿಎಫ್ ಕತ್ತರಿಸಿ ತೆಗೆದುಹಾಕುತ್ತೇವೆ ಅನ್ನುವವರು ಸಿಗುತ್ತಾರೆ. ಅದು ಕಾನೂನಿಗೆ ವಿರುದ್ಧ, ಹಿಂದೆ ಬರುವವರ ಮೂಗಿಗೂ ವಿರುದ್ಧ.

ಸಾಗರದ ಮೇಡಂ, ಆ ಹುಡುಗನಿಗೆ ನನ್ನ ಕಡೆಯಿಂದ ಒಂದು ಕಾಫಿ ಕೊಡಿಸಿ. ಕೋಡ್ ಬಂದ ತಕ್ಷಣ ಇಂಜಿನ್ ಆಫ್ ಮಾಡಿದ್ದು ಬಹಳ ಒಳ್ಳೆಯದಾಯಿತು.

0420ಗೆ ಕಾಯುವುದೂ ಬೇಕು, ನೋಡುವುದೂ ಇದೆ. ಗಾಡಿಯನ್ನು ಆಯನೂರು ತನಕ ಓಡಿಸಿ ಚೆನ್ನಾಗಿ ಬಿಸಿ ಮಾಡಿ. ಒಂದು ಕಡೆ ನಿಲ್ಲಿಸಿ, ನ್ಯೂಟ್ರಲಿನಲ್ಲಿ 2,500 ಆರ್‌ಪಿಎಂ ಹತ್ತಿರ ಒಂದೆರಡು ನಿಮಿಷ ಹಿಡಿಯಿರಿ. ಆ್ಯಪಿನಲ್ಲಿ ಲೈವ್ ಡೇಟಾಗೆ ಹೋಗಿ, ಬ್ಯಾಂಕ್ 1 ಸೆನ್ಸರ್ 2 ಅನ್ನುವುದರ ವೋಲ್ಟೇಜ್ ಗ್ರಾಫ್ ತೆಗೆಯಿರಿ. ಅದು ಕ್ಯಾಟ್ ಹಿಂದಿನ ಸೆನ್ಸರ್. ಕ್ಯಾಟ್ ಚೆನ್ನಾಗಿದ್ದರೆ ಗೆರೆ 0.6, 0.7 ವೋಲ್ಟಿನ ಹತ್ತಿರ ಅಲ್ಲಾಡದೆ ಮಲಗಿರುತ್ತದೆ. ಕ್ಯಾಟ್ ಸತ್ತಿದ್ದರೆ 0.1ರಿಂದ 0.9ಕ್ಕೆ ಮೇಲೆ ಕೆಳಗೆ ಕುಣಿಯುತ್ತದೆ. ಮುಂದಿನ ಸೆನ್ಸರ್ ಹಾಗೆ ಕುಣಿಯುವುದು ಸರಿ, ಅದರ ಕೆಲಸವೇ ಅದು. ಕೆಲವು ಗಾಡಿಗಳಲ್ಲಿ ಅದು ಬೇರೆ ಜಾತಿಯ ಸೆನ್ಸರ್, ಕುಣಿಯುವುದಿಲ್ಲ. ತಲೆ ಕೆಡಿಸಿಕೊಳ್ಳಬೇಡಿ, ಹಿಂದಿನದನ್ನು ನೋಡಿದರೆ ಸಾಕು. ಗ್ರಾಫ್ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಸಾಗರದ ಮೇಡಂ

ನೋಡಿದೆ. 0.64, 0.66, 0.65. ಸ್ವಲ್ಪ ಹೊತ್ತು ಆದರೂ ಅಷ್ಟೇ. ಆಕ್ಸಿಲರೇಟರ್ ಬಿಟ್ಟಾಗ ಒಮ್ಮೆ ಸೊನ್ನೆ ಹತ್ತಿರ ಬಿತ್ತು, ಮತ್ತೆ ಮೇಲೆ ಬಂತು. ಅದು ತೊಂದರೆನಾ?

ಸ್ಕ್ರೀನ್‌ಶಾಟ್ ತಗೊಂಡು ಆ ಸರ್ವಿಸ್ ಸೆಂಟರಿಗೂ ಹೋಗಿದ್ದೆ, ಶಿವಮೊಗ್ಗಕ್ಕೆ ಹೇಗೂ ಹೋಗಬೇಕಿತ್ತು. ನಿಮ್ಮ ಪ್ರಶ್ನೆಯನ್ನೇ ಕೇಳಿದೆ, ಎರಡನೇ ಸಿಲಿಂಡರಿಗೆ ಮಾತ್ರ ಹೇಗೆ ಉಸಿರು ಕಟ್ಟಿತು ಅಂತ. ಸೀನಿಯರ್‌ನ ಕೇಳಿ ಹೇಳುತ್ತೇವೆ ಅಂದರು. ಸೀನಿಯರ್ ಊಟಕ್ಕೆ ಹೋಗಿದ್ದರಂತೆ.

ಶಿವಮೊಗ್ಗ ಎಲೆಕ್ಟ್ರಿಷಿಯನ್

ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಕಟ್ ಆಗುತ್ತದೆ, ಬರೀ ಗಾಳಿ ಹೋಗುತ್ತದೆ, ಗೆರೆ ಬೀಳಲೇಬೇಕು. ಬಿದ್ದದ್ದು ಒಳ್ಳೆಯದೇ, ಸೆನ್ಸರ್ ಜೀವಂತ ಇದೆ ಅಂತಾಯಿತು. ನಿಮ್ಮ ಕ್ಯಾಟ್ ಕೆಲಸ ಮಾಡುತ್ತಿದೆ.

ಬೆಂಗಳೂರಿಗೆ ಹೋಗಿ ಬನ್ನಿ. ಡಾಂಗಲ್ ಜೊತೆಗಿರಲಿ. ಕೋಡ್ ಅಳಿಸಿದ್ದೀರಲ್ಲ, ಇಸಿಯು ತನ್ನ ಪರೀಕ್ಷೆಗಳನ್ನು ಮೊದಲಿಂದ ಮಾಡಬೇಕು. ಕ್ಯಾಟ್ ಪರೀಕ್ಷೆಗೆ ಬಿಸಿ ಇಂಜಿನ್, ಒಂದೇ ಸಮನಾದ ಸ್ಪೀಡ್ ಬೇಕು. ಅರಸೀಕೆರೆ, ತಿಪಟೂರು ಕಡೆ ರೋಡು ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ತುಮಕೂರಿನಲ್ಲಿ ಕಾಫಿಗೆ ನಿಲ್ಲಿಸಿದಾಗ ಆ್ಯಪಿನಲ್ಲಿ ರೆಡಿನೆಸ್ ನೋಡಿ, ಕ್ಯಾಟಲಿಸ್ಟ್ ಮುಂದೆ ಕಂಪ್ಲೀಟ್ ಅಂತ ಇರಬೇಕು. ಆಮೇಲೆ ಪೆಂಡಿಂಗ್ ಕೋಡ್ ಅಂತ ಬೇರೆ ಪಟ್ಟಿ ಇರುತ್ತದೆ, ಅದನ್ನೂ ತೆರೆಯಿರಿ. ಇಂಥ ತೊಂದರೆ ಮೊದಲ ಸಲ ಕಂಡಾಗ ಇಸಿಯು ಲೈಟ್ ಹಾಕುವುದಿಲ್ಲ, ಆ ಪಟ್ಟಿಯಲ್ಲಿ ಬರೆದುಕೊಂಡು ಸುಮ್ನಿರುತ್ತದೆ. ಮುಂದಿನ ಓಟದಲ್ಲೂ ಕಂಡರೆ ಆಗ ಲೈಟ್. ಕ್ಯಾಟಲಿಸ್ಟ್ ಕಂಪ್ಲೀಟ್ ಆಗಿದ್ದು, ಮಾಮೂಲಿ ಕೋಡ್ ಪಟ್ಟಿ, ಪೆಂಡಿಂಗ್ ಪಟ್ಟಿ ಎರಡೂ ಖಾಲಿ ಇದ್ದರೆ 0420 ಚಿಂತೆ ಬಿಡಿ.

ಬಂದ ಮೇಲೆ ಉಳಿದ ಮೂರು ಕಾಯಿಲಿನ ರಬ್ಬರುಗಳನ್ನೂ ಒಮ್ಮೆ ನೋಡಿ. ಅವಕ್ಕೂ ಅಷ್ಟೇ ವಯಸ್ಸಾಗಿದೆ. ಹಳೇ ಕಾಯಿಲ್ ಎಸೆಯಬೇಡಿ, ಆ ಹುಡುಗನಿಗೆ ಕೊಡಿ. ಗೆರೆ ಹೇಗಿರುತ್ತದೆ ಅಂತ ಇನ್ನೊಬ್ಬರಿಗೆ ತೋರಿಸಲಿಕ್ಕಾದರೂ ಬೇಕು.

ಬಸವನಗುಡಿ ಬೈಕರ್

ಭಾವನ ಕಾರಿಗೆ ಡಾಂಗಲ್ ಹಾಕಿ ನೋಡಿದೆ. ಪಿ 0171. ಗಾಳಿ ಪೈಪ್ ಎಲ್ಲಿ ಸೀಳಿರುತ್ತದೆ ಸಾಮಾನ್ಯವಾಗಿ?

ಶಿವಮೊಗ್ಗ ಎಲೆಕ್ಟ್ರಿಷಿಯನ್

ಏರ್ ಫಿಲ್ಟರ್ ಡಬ್ಬದಿಂದ ಥ್ರಾಟಲಿಗೆ ಹೋಗುವ ಸುಕ್ಕು ಸುಕ್ಕಿನ ಕಪ್ಪು ರಬ್ಬರ್ ಪೈಪ್ ಇರುತ್ತದಲ್ಲ, ಅದರ ಮಡಿಕೆಗಳನ್ನು ಬಿಡಿಸಿ ಕೆಳಭಾಗದಲ್ಲಿ ನೋಡಿ. ಅಲ್ಲಿ ಇಲ್ಲದಿದ್ದರೆ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪೈಪ್, ಆಯಿಲ್ ಆವಿ ವಾಪಸ್ ಹೋಗುವ ಸಣ್ಣ ಪೈಪ್. ಇಂಜಿನ್ ಆನ್ ಇಟ್ಟು ಕಿವಿ ಕೊಟ್ಟರೆ ಎಷ್ಟೋ ಸಲ ಸುಯ್ ಅಂತ ಕೇಳುತ್ತದೆ. ಫ್ಯಾನ್ ಹತ್ತಿರ ಕೈ, ದುಪಟ್ಟಾ, ಜನಿವಾರ ಯಾವುದೂ ಬಿಡಬೇಡಿ. ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಸಿಯು ಎಷ್ಟು ಪರ್ಸೆಂಟ್ ಪೆಟ್ರೋಲ್ ಹೆಚ್ಚು ಕಡಿಮೆ ಮಾಡಿಕೊಂಡಿದೆ ಅನ್ನುವ ಲೆಕ್ಕ) ಎಷ್ಟು ತೋರಿಸುತ್ತದೆ ಅಂತ ಬರೆಯಿರಿ, ಐಡಲಿನಲ್ಲಿ ಒಂದು, 2,500 ಆರ್‌ಪಿಎಂನಲ್ಲಿ ಒಂದು. ಐಡಲಿನಲ್ಲಿ ಜಾಸ್ತಿ, ರೇಸ್ ಕೊಟ್ಟಾಗ ಕಡಿಮೆ ಆದರೆ ಗಾಳಿ ಲೀಕ್. ರೇಸ್ ಕೊಟ್ಟಾಗಲೇ ಜಾಸ್ತಿ ಆದರೆ ಪೈಪ್ ಬಿಟ್ಟು ಪೆಟ್ರೋಲ್ ಪಂಪು, ಫಿಲ್ಟರ್ ಕಡೆ ಹೋಗೋಣ.